ಮನೆಯ ಮರಗೆಲಸದ ಕೋಣೆಗೆ ಯಾವ ಮಾಸ್ಕ್? ಎನ್95, ಹಾಫ್ ಮಾಸ್ಕ್, ಪವರ್ಡ್ ಹೆಲ್ಮೆಟ್

ಹಲಗೆಗೂಡು:
ಕೋಣೆ 4 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರ. ಒಂದು ಕಿಟಕಿ, ಒಂದು ಬಾಗಿಲು. ಟೇಬಲ್ ಸಾ, ರೌಟರ್, 125 ಮಿ.ಮೀ. ಆರ್ಬಿಟಲ್ ಸ್ಯಾಂಡರ್, ಪುಟ್ಟದೊಂದು ಲೇತ್ ಇವೆ. ಮರ ಹೆಚ್ಚಾಗಿ ತೇಗ ಮತ್ತು ಬೀಟೆ, ಪೆಟ್ಟಿಗೆಗಳ ಒಳಭಾಗಕ್ಕೆ ಎಂಡಿಎಫ್ (ಮರದ ನಾರಿಗೆ ಅಂಟು ಸೇರಿಸಿ ಒತ್ತಿದ ಹಲಗೆ). ವಾರಕ್ಕೆ ಎಂಟು-ಹತ್ತು ಗಂಟೆ ಕೆಲಸ. ಈಗ ಬಳಸುತ್ತಿರುವುದು ಕಿವಿಗೆ ಸಿಕ್ಕಿಸುವ ಸರ್ಜಿಕಲ್ ಮಾಸ್ಕ್.

ಕೇಳಬೇಕಾದದ್ದು ಇಷ್ಟು: ಎನ್95 ಸಾಕೇ, ಪಿ100 ಬೇಕೇ? ಕನ್ನಡಕಕ್ಕೆ ಮಂಜು ಹಿಡಿಯದ ಹಾಗೆ ಏನು ಮಾಡಬೇಕು? ಕುರುಚಲು ಗಡ್ಡವಿದ್ದರೆ ನಡೆಯುತ್ತದೆಯೇ? ಎಂಡಿಎಫ್ ಕೊಯ್ಯುವಾಗ ಬರುವ ಕಟು ವಾಸನೆಗೆ ಬೇರೆ ಫಿಲ್ಟರ್ ಹಾಕಬೇಕೇ?

ಗಾಳಿಲೆಕ್ಕ:
ಸರ್ಜಿಕಲ್ ಮಾಸ್ಕ್ ಮೊದಲು ಬಿಡಿ. ಅದು ಹಾಕಿಕೊಂಡವರ ಬಾಯಿಂದ ಸಿಡಿಯುವ ಹನಿಯನ್ನು ತಡೆಯುವುದಕ್ಕೆ ಮಾಡಿದ್ದು. ಕೆನ್ನೆಯ ಎರಡೂ ಪಕ್ಕ ಬಾಯ್ದೆರೆದುಕೊಂಡಿರುತ್ತದೆ, ಉಸಿರೆಳೆದಾಗ ಗಾಳಿ ಬಟ್ಟೆಯ ಮೂಲಕ ಬರುವುದಕ್ಕಿಂತ ಆ ಸಂದಿನಿಂದ ಬರುವುದೇ ಸುಲಭ. ಕರವಸ್ತ್ರ, ಟವೆಲ್, ಒಂದೇ ದಾರದ ತೆಳು ಧೂಳು ಮಾಸ್ಕ್, ಎಲ್ಲದರ ಕಥೆಯೂ ಇದೇ.

ಇನ್ನು ಧೂಳಿನ ಗಾತ್ರ. ಗರಗಸದಿಂದ ಕಾಲ ಬಳಿ ಉದುರುವ ಹೊಟ್ಟು ಕಸವೇ ಹೊರತು ಶ್ವಾಸಕೋಶದ ಶತ್ರುವಲ್ಲ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. 100 ಮೈಕ್ರಾನ್‌ಗಿಂತ ಸಣ್ಣದು ಮೂಗು-ಬಾಯಿಯ ಒಳಗೆ ಹೋಗಬಲ್ಲದು, ಸುಮಾರು 10 ಮೈಕ್ರಾನ್‌ಗಿಂತ ಸಣ್ಣದು ಗಂಟಲು ದಾಟಿ ಶ್ವಾಸನಾಳಕ್ಕೆ ಇಳಿಯುತ್ತದೆ, 4 ಮೈಕ್ರಾನ್‌ಗಿಂತ ಸಣ್ಣದು ಗಾಳಿಗೂಡುಗಳವರೆಗೂ ಮುಟ್ಟುತ್ತದೆ. ಹೀಗೆಂದು ಮೂಗಿನಲ್ಲೇ ನಿಂತ ದಪ್ಪ ಧೂಳು ನಿರುಪದ್ರವಿ ಅಂದುಕೊಳ್ಳಬೇಡಿ. 1960ರ ದಶಕದಲ್ಲಿ ಇಂಗ್ಲೆಂಡಿನ ಹೈ ವಿಕೂಂಬ್ ಸುತ್ತಿನ ಪೀಠೋಪಕರಣ ಕೆಲಸಗಾರರಲ್ಲಿ ಕಂಡ ಕ್ಯಾನ್ಸರ್ ಮೂಗಿನದ್ದು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿ ಮರದ ಧೂಳನ್ನು ಮೊದಲನೇ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಖಚಿತವಾದವುಗಳ ಗುಂಪಿಗೆ, ಸೇರಿಸಿತು.

ಈಗ ಇದನ್ನು ಲೆಕ್ಕ ಹಾಕಿ ನೋಡಿ. ನೀರಿನ ಸಾಂದ್ರತೆಯ 10 ಮೈಕ್ರಾನ್ ಕಣ ನಿಶ್ಚಲ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 3 ಮಿ.ಮೀ. ಇಳಿಯುತ್ತದೆ, ಮೂಗಿನ ಮಟ್ಟದಿಂದ ನೆಲಕ್ಕೆ ಎಂಟು ನಿಮಿಷ. 1 ಮೈಕ್ರಾನ್ ಕಣಕ್ಕೆ ಅದೇ ಒಂದೂವರೆ ಮೀಟರ್ ಇಳಿಯಲು ಹನ್ನೆರಡು ಗಂಟೆ ಬೇಕು. ಮರ ನೀರಿಗಿಂತ ಹಗುರ, ಕೋಣೆಯ ಗಾಳಿ ಎಂದೂ ನಿಶ್ಚಲವಲ್ಲ, ಹಾಗಾಗಿ ಇನ್ನೂ ತಡ. ಸ್ಯಾಂಡರ್ ಆಫ್ ಮಾಡಿದ ತಕ್ಷಣ ಮಾಸ್ಕ್ ತೆಗೆದು ಉಜ್ಜಿದ್ದು ನುಣುಪಾಯಿತೇ ಎಂದು ಬಗ್ಗಿ ನೋಡುತ್ತೀರಲ್ಲ, ಆಗ ನಿಮ್ಮ ಮೂಗು ಇರುವುದು ಧೂಳು ಅತಿ ದಟ್ಟವಾಗಿರುವ ಜಾಗದಲ್ಲಿ.

ಕೀಲುಗಾರ:
ಅಂಕಿಗಳ ಗೊಂದಲ ಬಿಡಿಸೋಣ.

ಅಮೆರಿಕದ ಕೆಲಸಗಾರರ ಸುರಕ್ಷತಾ ಸಂಸ್ಥೆ ನಿಯೋಶ್ ಪದ್ಧತಿಯಲ್ಲಿ ಎನ್95 ಅಂದರೆ ಸುಮಾರು 0.3 ಮೈಕ್ರಾನ್ ಉಪ್ಪಿನ ಕಣಗಳಲ್ಲಿ ಕನಿಷ್ಠ ಶೇ. 95ನ್ನು ತಡೆಯಬೇಕು. ಪಿ100 ಅಂದರೆ ಶೇ. 99.97. 'ಎನ್' ಎಣ್ಣೆಯ ತುಂತುರಿಗೆ ತಾಳುವುದಿಲ್ಲ, 'ಪಿ' ತಾಳುತ್ತದೆ. ಒಣ ಮರದ ಧೂಳಿಗೆ ಈ ವ್ಯತ್ಯಾಸ ಮುಖ್ಯವಲ್ಲ. ಬಿಸಾಡುವ ಮಾಸ್ಕ್‌ಗಳಿಗಿರುವ ಯುರೋಪಿನ ಇಎನ್ 149 ಮಾನದಂಡದಲ್ಲಿ ಎಫ್‌ಎಫ್‌ಪಿ1, ಎಫ್‌ಎಫ್‌ಪಿ2, ಎಫ್‌ಎಫ್‌ಪಿ3 ಕ್ರಮವಾಗಿ ಶೇ. 80, 94, 99. ಭಾರತದ ಐಎಸ್ 9473 ಕೂಡ ಇದೇ ಮೂರು ದರ್ಜೆಗಳನ್ನು ಬಳಸುತ್ತದೆ.

ಆದರೆ ಎನ್95 ಅನ್ನುವ ಅಂಕಿ ಬರೀ ಸೋಸುವ ಪದರದ್ದು, ನಿಮ್ಮ ಮುಖದ್ದಲ್ಲ. ಯುರೋಪಿನ ಪರೀಕ್ಷೆಯಲ್ಲಿ ಜನರಿಗೆ ಹಾಕಿಸಿ ಒಟ್ಟು ಒಳಸೋರಿಕೆಯನ್ನೂ ಅಳೆಯುತ್ತಾರೆ, ಅಲ್ಲಿ ಮಿತಿ ಎಫ್‌ಎಫ್‌ಪಿ1ಕ್ಕೆ ಶೇ. 22, ಎಫ್‌ಎಫ್‌ಪಿ2ಕ್ಕೆ ಶೇ. 8, ಎಫ್‌ಎಫ್‌ಪಿ3ಕ್ಕೆ ಶೇ. 2. ಬ್ರಿಟನ್ನಿನಲ್ಲಿ ಕೆಲಸದ ಜಾಗಕ್ಕೆ ಇಟ್ಟುಕೊಂಡಿರುವ ರಕ್ಷಣಾ ಗುಣಾಂಕ ಇವಕ್ಕೆ 4, 10, 20. ಗುಣಾಂಕ 10 ಅಂದರೆ ಹೊರಗಿನ ಧೂಳಿನ ಹತ್ತರಲ್ಲಿ ಒಂದು ಪಾಲು ಒಳಗೆ ಬರುತ್ತದೆ ಎಂದು ಹಿಡಿದು ಲೆಕ್ಕ ಹಾಕಬೇಕು, ಅದೂ ಸರಿಯಾಗಿ ಕೂತ ಮಾಸ್ಕ್‌ನಲ್ಲಿ.

ಪ್ಯಾಕೆಟ್ ಮೇಲೆ 'ಡಿ' ಅಕ್ಷರ ಹುಡುಕಿ. ಡಾಲೊಮೈಟ್ ಪುಡಿ ತುಂಬಿಸಿ, ಆಮೇಲೂ ಉಸಿರಾಡಲು ಬರುತ್ತದೆಯೇ ಎಂದು ಪರೀಕ್ಷಿಸಿದ ಗುರುತು ಅದು. ಮರಗೆಲಸದವರಿಗೆ ಇದು ಬಹಳ ಉಪಯೋಗ, ಯಾರೂ ನೋಡುವುದಿಲ್ಲ. 'ಎನ್‌ಆರ್' ಇದ್ದರೆ ಒಂದು ಪಾಳಿಗೆ ಮಾತ್ರ, 'ಆರ್' ಇದ್ದರೆ ಮರುಬಳಕೆಗೆ ಆಗುತ್ತದೆ.

ಗಾಳಿಲೆಕ್ಕ:
ಕೀಲುಗಾರ ಅವರ ಮಾತಿಗೆ ಒಂದು ಕೂಡಿಸುವ ಲೆಕ್ಕ. ಮುಖದ ಅಂಚಿನಲ್ಲಿ ಶೇ. 20 ಸೋರುತ್ತಿದೆ ಅನ್ನಿ. ಎನ್95 ಆದರೆ ಒಳಗೆ ಬರುವುದು ಹೆಚ್ಚೆಂದರೆ ಶೇ. 24, ಪಿ100 ಆದರೆ ಶೇ. 20. ಇಷ್ಟೇ ವ್ಯತ್ಯಾಸ. ಸೋರಿಕೆ ಶೇ. 1ಕ್ಕೆ ಇಳಿದಾಗ ಮಾತ್ರ ಪಿ100 ನಿಜವಾಗಿ ಮುಂದೆ ಹೋಗುತ್ತದೆ. ಅದೂ 0.3 ಮೈಕ್ರಾನ್ ಅನ್ನುವುದು ಸೋಸಲು ಅತಿ ಕಷ್ಟವಾದ ಗಾತ್ರದ ಆಸುಪಾಸು. ಅದಕ್ಕಿಂತ ದಪ್ಪನೆಯವು ನೂಲಿಗೆ ಡಿಕ್ಕಿ ಹೊಡೆದು ಅಂಟುತ್ತವೆ, ತೀರಾ ಸಣ್ಣವು ಅಡ್ಡಾದಿಡ್ಡಿ ಓಲಾಡುತ್ತ ಬಂದು ಅಂಟುತ್ತವೆ. ಸ್ಯಾಂಡರ್ ಧೂಳಿನ ತೂಕದ ಬಹುಪಾಲು ಅದಕ್ಕಿಂತ ಎಷ್ಟೋ ದಪ್ಪ, ಒಳ್ಳೆಯ ಎನ್95 ಪದರ ಅದನ್ನು ಶೇ. 95ಕ್ಕಿಂತ ಹೆಚ್ಚೇ ಹಿಡಿಯುತ್ತದೆ.

ಅಂದಮೇಲೆ ಹಾಫ್ ಮಾಸ್ಕ್ (ಮೂಗು-ಬಾಯಿ ಮುಚ್ಚುವ, ಫಿಲ್ಟರ್ ಬದಲಿಸಬಹುದಾದ ರಬ್ಬರ್ ಮಾಸ್ಕ್) ತೆಗೆದುಕೊಳ್ಳಿ ಎನ್ನುವುದಕ್ಕೆ ಕಾರಣ ಅದರ ಪಿ100 ಫಿಲ್ಟರ್ ಅಲ್ಲ, ಅದರ ರಬ್ಬರ್ ಅಂಚು.

ಒಣಗಿದಮರ:
ಎಲ್ಲರೂ ಮಾಸ್ಕ್‌ನಿಂದಲೇ ಶುರು ಮಾಡಿದಿರಿ. ಧೂಳು ಹುಟ್ಟುವ ಜಾಗದಲ್ಲೇ ಹೀರಿಕೊಂಡರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಮಾಸ್ಕ್ ಉಳಿದದ್ದಕ್ಕೆ.

ಹಲಗೆಗೂಡು ಅವರೇ, ಟೇಬಲ್ ಸಾದ 100 ಮಿ.ಮೀ. ಬಾಯಿಗೆ ಮನೆಯ ವ್ಯಾಕ್ಯೂಮಿನ 38 ಮಿ.ಮೀ. ಕೊಳವೆ ಸಿಕ್ಕಿಸಿದ್ದರೆ ಕೊಳವೆಯ ಅಡ್ಡಕೊಯ್ತ ಏಳರಲ್ಲಿ ಒಂದು ಪಾಲಾಗಿದೆ. ವ್ಯಾಕ್ಯೂಮಿಗೆ ಎಳೆತ ಜೋರು, ಆದರೆ ಸಾಗಿಸುವ ಗಾಳಿಯ ಪ್ರಮಾಣ ಕಡಿಮೆ. ಸ್ಯಾಂಡರ್, ರೌಟರಿಗೆ ಅದು ಸರಿ. ಟೇಬಲ್ ಸಾಗೆ ದಪ್ಪ ಕೊಳವೆಯ ಡಸ್ಟ್ ಕಲೆಕ್ಟರ್ ಬೇಕು, ಜೊತೆಗೆ ಬ್ಲೇಡಿನ ಮೇಲಿನ ಮುಚ್ಚಿಗೆಗೂ ಒಂದು ಎಳೆತ. ಏಕೆಂದರೆ ಮುಖದ ಕಡೆ ಧೂಳೆಸೆಯುವುದು ಬ್ಲೇಡಿನ ಮೇಲ್ಭಾಗ.

ವ್ಯಾಕ್ಯೂಮ್ ದರ್ಜೆ ನೋಡಿ. ಎಲ್ ಅಂದರೆ ಶೇ. 99 ಹಿಡಿಯುತ್ತದೆ, ಎಂ ಶೇ. 99.9, ಎಚ್ ಶೇ. 99.995. ಮರಕ್ಕೆ ಎಂ. ಡಸ್ಟ್ ಕಲೆಕ್ಟರಿಗೆ 30 ಮೈಕ್ರಾನ್ ಬಟ್ಟೆಚೀಲ ಬಂದಿದ್ದರೆ ಅದು ದಪ್ಪ ಹೊಟ್ಟನ್ನು ಇಟ್ಟುಕೊಂಡು ನುಣ್ಣನೆಯದನ್ನು ಕೋಣೆಗೆ ಊದುವ ಯಂತ್ರ. ಆನ್ ಮಾಡಿ ಚೀಲದ ಹಿಂದೆ ಟಾರ್ಚ್ ಹಿಡಿದರೆ ಕಾಣುತ್ತದೆ.

ಸ್ಯಾಂಡರಿನಲ್ಲಿ ಸಾಮಾನ್ಯವಾಗಿ ಎಡವುವುದು ಡಿಸ್ಕಿನ ತೂತು. ಪ್ಯಾಡಿನ ತೂತಿಗೆ ಕಾಗದದ ತೂತು ಕೂಡದಿದ್ದರೆ ಎಳೆತವೇ ಇಲ್ಲ. ಬಲೆಯಂತಹ ಅಬ್ರೇಸಿವ್ ಆದರೆ ಈ ತಲೆನೋವಿಲ್ಲ. ಇನ್ನೊಂದು ಕಡೆ ಎಳೆತ ವಿಪರೀತವಾದರೆ ಪ್ಯಾಡ್ ಮರಕ್ಕೆ ಕಚ್ಚಿಕೊಂಡು ಸುರುಳಿ ಗೆರೆ ಬೀಳುತ್ತದೆ. ಆಗ ಎಳೆತ ಸ್ವಲ್ಪ ತಗ್ಗಿಸಿ, ಕೊಳವೆ ಕೀಳಬೇಡಿ.

ತೋಪಡಾ ಮತ್ತು ಸ್ಕ್ರೇಪರ್‌ನಿಂದ ಮುಗಿಯುವ ಕಡೆ ಸ್ಯಾಂಡರ್ ಹಿಡಿಯಲೇಬೇಡಿ ಅನ್ನುವುದು ನನ್ನ ಅಭಿಪ್ರಾಯ. ಸುರುಳಿ ಹೆರೆ ಉಸಿರಿಗೆ ಹೋಗುವುದಿಲ್ಲ.

ಕೀಲುಗಾರ:
ಒಪ್ಪಿದೆ, ಆದರೆ ಕೈಯಿಂದ ಮೂಲೆ ಉಜ್ಜುವಾಗ, ಲೇತ್ ಮೇಲೆ ಸ್ಯಾಂಡ್ ಪೇಪರ್ ಹಿಡಿದಾಗ, ಚೀಲ ಬದಲಿಸುವಾಗ, ಗುಡಿಸುವಾಗ ಯಾವ ಕೊಳವೆಯೂ ಪೂರ್ತಿ ಹಿಡಿಯುವುದಿಲ್ಲ. ಚೀಲ ಬದಲಿಸುವ ಎರಡು ನಿಮಿಷ ಬಹುಶಃ ಇಡೀ ವಾರದ ಅತಿ ಕೆಟ್ಟ ಎರಡು ನಿಮಿಷ. ಮಾಸ್ಕ್ ಬೇಕೇ ಬೇಕು.

ಹಲಗೆಗೂಡು:
ಹಾಫ್ ಮಾಸ್ಕ್ ಕಡೆಗೇ ಮನಸ್ಸು ವಾಲುತ್ತಿದೆ. ಅಳತೆ ಹೇಗೆ ನೋಡುವುದು? ಮತ್ತು ಗಡ್ಡದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಮುಖಗವಸು:
ಗಡ್ಡ ಇದ್ದು ಪಿ100 ಹಾಕುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ರಬ್ಬರ್ ಅಂಚು ಚರ್ಮಕ್ಕೆ ಅಂಟಿ ಕೂರಬೇಕು, ಪ್ರತಿ ಕೂದಲೂ ಅದನ್ನು ಎತ್ತಿಹಿಡಿಯುತ್ತದೆ. ಕುರುಚಲು ಇನ್ನೂ ಗಟ್ಟಿ, ಉದ್ದ ಕೂದಲಿನಂತೆ ಮಲಗುವುದೂ ಇಲ್ಲ. ಅಂಚು ತಾಗುವ ಜಾಗ, ಅಂದರೆ ಮೂಗಿನ ಸೇತುವೆಯಿಂದ ಕೆನ್ನೆಯ ಮೇಲೆ ಇಳಿದು ಗಲ್ಲದ ಕೆಳಗಿನವರೆಗೆ, ನುಣ್ಣಗೆ ಕ್ಷೌರ ಆಗಿರಬೇಕು. ಮೀಸೆ ಇರಲಿ, ಆದರೆ ಅಂಚಿನ ಕೆಳಗೂ ಹೋಗಬಾರದು, ಒಳಗಿನ ವಾಲ್ವಿಗೂ ತಾಗಬಾರದು. ಗಡ್ಡ ತೆಗೆಯುವುದಿಲ್ಲ ಅಂದರೆ ಫ್ಯಾನಿನಿಂದ ಸೋಸಿದ ಗಾಳಿ ಊದುವ, ಸಡಿಲ ಮುಸುಕಿನ ಪವರ್ಡ್ ಹೆಲ್ಮೆಟ್ ಒಂದೇ ದಾರಿ, ಅದರ ವಿಷಯ ಬಲ್ಲವರು ಹೇಳಲಿ.

ಅಳತೆಗೆ ಬರೋಣ. ಉದಾಹರಣೆಗೆ 3ಎಂ 6000 ಸರಣಿಯಲ್ಲಿ 6100 ಸಣ್ಣದು, 6200 ಮಧ್ಯಮ, 6300 ದೊಡ್ಡದು. ಸಿಲಿಕೋನಿನ 7500 ಸರಣಿಯಲ್ಲಿ 7501, 7502, 7503. ಬೆವರುವವರಿಗೆ ಸಿಲಿಕೋನ್ ಮೆದು, ಜಾರುವುದೂ ಕಡಿಮೆ. ಮೂಗಿನ ಸೇತುವೆಯ ಮೇಲೆ ಕಚ್ಚಿ ಗಲ್ಲದ ಕೆಳಗೆ ಬಾಯ್ಬಿಟ್ಟರೆ ಸಣ್ಣದಾಯಿತು. ಕೆನ್ನೆಯ ಪಕ್ಕ ಅಂಚು ಮಡಚಿ ನಿಂತರೆ, ಇಲ್ಲವೇ ಕಣ್ಣಿನ ಹತ್ತಿರ ಗಾಳಿ ಬಡಿದರೆ ದೊಡ್ಡದಾಯಿತು.

ಹಾಕುವ ಕ್ರಮ ಹೀಗಿದೆ. ಪಟ್ಟಿಗಳನ್ನು ಪೂರ್ತಿ ಸಡಿಲಿಸಿ, ಗಲ್ಲವನ್ನು ಮೊದಲು ಕೂರಿಸಿ, ತಲೆಯ ತೊಟ್ಟಿಲನ್ನು ನೆತ್ತಿಯ ಹಿಂದಕ್ಕೆ ಎಳೆಯಿರಿ. ಕೆಳಪಟ್ಟಿ ಕಿವಿಯ ಕೆಳಗೆ, ಕತ್ತಿನ ಹಿಂದೆ. ಆಮೇಲೆ ಎಡ ಬಲ ಒಂದೇ ಸಮ ಬಿಗಿ ಮಾಡಿ. ಅತಿಯಾಗಿ ಬಿಗಿದರೆ ಅಂಚು ಸೊಟ್ಟಗಾಗಿ ಸೋರುವುದೇ ಹೆಚ್ಚು.

ಪರೀಕ್ಷೆ ಎರಡು. ಎರಡೂ ಫಿಲ್ಟರನ್ನು ಅಂಗೈಯಿಂದ ಮುಚ್ಚಿ ಮೆಲ್ಲಗೆ ಉಸಿರೆಳೆದು ಹತ್ತು ಸೆಕೆಂಡ್ ಹಿಡಿಯಿರಿ. ಮಾಸ್ಕ್ ಸ್ವಲ್ಪ ಒಳಕ್ಕೆ ಸೊರಗಿ ಹಾಗೇ ನಿಲ್ಲಬೇಕು. ಅನಂತರ ಉಸಿರು ಬಿಡುವ ವಾಲ್ವನ್ನು ಅಂಗೈಯಿಂದ ಮುಚ್ಚಿ ಮೆಲ್ಲಗೆ ಊದಿ. ಮಾಸ್ಕ್ ತುಸು ಉಬ್ಬಬೇಕು, ಎಲ್ಲೂ ಗಾಳಿ ಸುಯ್ ಅನ್ನಬಾರದು. ಇದನ್ನು ಕೊಂಡ ದಿನ ಒಮ್ಮೆ ಮಾಡಿ ಬಿಡುವುದಲ್ಲ, ಹಾಕಿದಾಗಲೆಲ್ಲ ಮಾಡಬೇಕು.

ನಿಖರವಾಗಿ ತಿಳಿಯಬೇಕಾದರೆ ಸ್ಯಾಕರಿನ್ ಸಿಹಿ ಅಥವಾ ಬಿಟ್ರೆಕ್ಸ್ ಕಹಿ ತುಂತುರಿನ ಫಿಟ್ ಟೆಸ್ಟ್ ಕಿಟ್ ಇದೆ. ತಲೆಗೆ ಮುಸುಕು ಹಾಕಿ ತುಂತುರು ಬಿಡುತ್ತಾರೆ. ತಲೆ ತಿರುಗಿಸಿ, ಬಗ್ಗಿ, ಮಾತಾಡಿದರೂ ನಾಲಿಗೆಗೆ ರುಚಿ ಸಿಗಬಾರದು. ಮೊದಲು ಮಾಸ್ಕ್ ಇಲ್ಲದೆ ತೆಳು ದ್ರಾವಣದ ರುಚಿ ಗೊತ್ತಾಗುತ್ತದೆಯೇ ನೋಡಿಕೊಳ್ಳಿ, ಕೆಲವರ ನಾಲಿಗೆಗೆ ಗೊತ್ತೇ ಆಗುವುದಿಲ್ಲ.

ಬಿಸಾಡುಮಾಸ್ಕ್:
ಬಿಸಾಡುವ ಮಾಸ್ಕಿನ ಪರವಾಗಿ ಎರಡು ಮಾತು. ಹತ್ತು ನಿಮಿಷದ ಕೆಲಸಕ್ಕೆ ಹಾಫ್ ಮಾಸ್ಕ್ ಹಾಕಲು ಬೇಸರಪಟ್ಟು ಏನೂ ಹಾಕದೆ ಇರುವುದಕ್ಕಿಂತ ಕೈಗೆಟಕುವ ಎಫ್‌ಎಫ್‌ಪಿ2 ಮೇಲು. ಆದರೆ ಕಿವಿಗೆ ಸಿಕ್ಕಿಸುವುದು ಬೇಡ, ತಲೆಯ ಹಿಂದೆ ಎರಡು ಪಟ್ಟಿ ಇರುವುದನ್ನೇ ಕೊಳ್ಳಿ. ಮೂಗಿನ ತಂತಿಯನ್ನು ಒಂದೇ ಕೈಯಿಂದ ಚಿವುಟಬೇಡಿ, ನಡುವೆ ಚೂಪಾಗಿ ಮಡಚಿ ಎರಡೂ ಪಕ್ಕ ಸಂದು ಬಿಡುತ್ತದೆ. ಎರಡು ಕೈಯ ಬೆರಳುಗಳನ್ನು ನಡುವಿನಿಂದ ಕೆನ್ನೆಯ ಕಡೆಗೆ ಒತ್ತುತ್ತ ಎಳೆಯಿರಿ. ಕನ್ನಡಕಕ್ಕೆ ಮಂಜು ಹಿಡಿಯುವುದು ಇಲ್ಲಿ ಸೋರುತ್ತಿದ್ದರೆ, ಹಾಗಾಗಿ ಮಂಜು ಒಂದು ಎಚ್ಚರಿಕೆ ಎಂದೇ ತಿಳಿಯಿರಿ. ವಾಲ್ವ್ ಇರುವ ಮಾಸ್ಕ್‌ನಲ್ಲಿ ಬಿಸಿಯೂ ತೇವವೂ ಕಡಿಮೆ, ಧೂಳಿನ ಕೆಲಸಕ್ಕೆ ಅದೇ ಹಿತ. ಹಾಫ್ ಮಾಸ್ಕ್‌ನಲ್ಲಿ ಉಸಿರು ಕೆಳಕ್ಕೆ ಹೋಗುವುದರಿಂದ ಈ ತೊಂದರೆಯೇ ಅಪರೂಪ. ಕನ್ನಡಕದ ಮೂಗಿನ ಗೂಟ ರಬ್ಬರಿನ ಮೇಲೆ ಕೂರಬೇಕು, ರಬ್ಬರಿನ ಕೆಳಗಲ್ಲ.

ತೊಳೆದು ಬಳಸುವ ಆಸೆ ಬೇಡ. ಈ ಮಾಸ್ಕ್‌ಗಳ ನೂಲಿನಲ್ಲಿ ಸ್ಥಿರ ವಿದ್ಯುತ್ತು ತುಂಬಿಟ್ಟಿರುತ್ತಾರೆ, ಸಣ್ಣ ಕಣವನ್ನು ಸೆಳೆಯುವುದು ಅದು. ಸಾಬೂನು ನೀರಾಗಲಿ, ಸ್ಪಿರಿಟ್ ಆಗಲಿ ತಾಗಿದರೆ ಆ ವಿದ್ಯುತ್ತು ಹೋಗುತ್ತದೆ. ನೋಡಲು ಶುಭ್ರ, ಸೋಸುವುದು ಅರೆಬರೆ.

ಹಲಗೆಗೂಡು:
ಹಾಗಾದರೆ ಹಾಫ್ ಮಾಸ್ಕ್‌ನ ಫಿಲ್ಟರ್ ಎಷ್ಟು ದಿನಕ್ಕೆ ಬದಲಿಸಬೇಕು? ವ್ಯಾಕ್ಯೂಮ್‌ನಿಂದ ಹೊರಮೈ ಹೀರಿದರೆ ಆದೀತೇ?

ಕೀಲುಗಾರ:
ಕಣದ ಫಿಲ್ಟರಿಗೆ ದಿನದ ಲೆಕ್ಕಕ್ಕಿಂತ ಉಸಿರಿನ ಲೆಕ್ಕ ದೊಡ್ಡದು. ಉಸಿರೆಳೆಯಲು ತ್ರಾಸವಾದರೆ, ಒದ್ದೆಯಾದರೆ, ಹರಿದರೆ, ಒಳಬದಿಯಲ್ಲಿ ಧೂಳು ಕಂಡರೆ ಬದಲಿಸಿ. ತಯಾರಕರು ಗಡುವು ಬರೆದಿದ್ದರೆ ಅದು ಬೇರೆ. ಧೂಳು ಕಟ್ಟಿದ ಫಿಲ್ಟರ್ ಸಾಮಾನ್ಯವಾಗಿ ಸೋಸುವುದರಲ್ಲಿ ಹಿಂದೆ ಬೀಳುವುದಿಲ್ಲ, ತೊಡಕು ಬೇರೆ ಕಡೆ. ಎಳೆತ ಜೋರಾದಷ್ಟೂ ಗಾಳಿ ಮುಖದ ಅಂಚಿನ ಸಂದು ಹುಡುಕುತ್ತದೆ. ತ್ರಾಸವನ್ನು ಸಹಿಸಿಕೊಂಡು ಕೆಲಸ ಮುಂದುವರಿಸುವುದು ಉಳಿತಾಯವಲ್ಲ.

ವ್ಯಾಕ್ಯೂಮ್‌ನಿಂದ ಹೀರಬೇಡಿ, ಕಂಪ್ರೆಸರ್ ಗಾಳಿಯಿಂದಂತೂ ಊದಲೇಬೇಡಿ. 3ಎಂ 2091ರಂತಹ ತೆರೆದ ಬಿಲ್ಲೆ ಫಿಲ್ಟರಿನಲ್ಲಿ ಸೋಸುವ ಪದರಕ್ಕೆ ರಕ್ಷಣೆ ಇಲ್ಲ, ಕೊಳವೆಯ ಬಾಯಿ ತಾಗಿದರೆ ಹರಿಯುತ್ತದೆ, ಹರಿದದ್ದು ಕಣ್ಣಿಗೆ ಕಾಣುವುದಿಲ್ಲ. ಹೊರಗೆ ಮೆಲ್ಲಗೆ ತಟ್ಟಿ, ಅಷ್ಟೇ. ಕೆಲಸ ಹೆಚ್ಚಿದ್ದರೆ ಪ್ಲಾಸ್ಟಿಕ್ ಕವಚವಿರುವ ಫಿಲ್ಟರ್ ಕೊಳ್ಳಿ.

ಮುಖಗವಸು:
ಫಿಲ್ಟರಿಗಿಂತ ಮೊದಲು ಕೈಕೊಡುವುದು ಉಸಿರು ಬಿಡುವ ವಾಲ್ವ್. ಮುಂಭಾಗದ ಮುಚ್ಚಳ ಕಿತ್ತು ನೋಡಿ. ನಾಣ್ಯದಷ್ಟಗಲದ ತೆಳು ರಬ್ಬರ್ ಎಲೆ, ನಡುವೆ ಒಂದು ಮೊಳೆಗೆ ಸಿಕ್ಕಿಸಿರುತ್ತದೆ. ಅಂಚನ್ನು ಉಗುರಿನಿಂದ ಎತ್ತಿದರೆ ಕೆಳಗೆ ಉಂಗುರದಂತಹ ಪೀಠ. ಬಾಯಿಯ ತೇವಕ್ಕೆ ಅಂಟಿದ ಧೂಳು ಆ ಉಂಗುರದ ಮೇಲೆ ಕಂದು ಕೆನೆಯಂತೆ ಕಟ್ಟಿರುತ್ತದೆ, ಅದರ ಮೇಲೊಂದು ಬೀಟೆಯ ನಾರು ಅಡ್ಡಬಿದ್ದಿರುತ್ತದೆ. ಅಷ್ಟು ಸಾಕು, ಎಲೆ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಪ್ರತಿ ಸಲ ಉಸಿರೆಳೆದಾಗಲೂ ಫಿಲ್ಟರನ್ನು ತಪ್ಪಿಸಿ ಧೂಳು ನೇರ ಒಳಗೆ. ಮಾಸ್ಕ್ ತೆಗೆದಾಗ ಮೂಗಿನ ಕೆಳಗೆ ಧೂಳಿನ ಗೆರೆ ಕಂಡರೆ ಮೊದಲು ಇಲ್ಲಿ ಹುಡುಕಿ.

ತೊಳೆಯುವಾಗ ಫಿಲ್ಟರ್ ತೆಗೆದಿಡಿ, ಅದಕ್ಕೆ ನೀರು ತಾಗಬಾರದು. ಮುಖದ ಭಾಗವನ್ನು ಉಗುರುಬೆಚ್ಚಗಿನ ನೀರು, ಮೆದು ಸಾಬೂನು, ಮೆತ್ತನೆಯ ಬ್ರಷ್ ಹಾಕಿ ತೊಳೆಯಿರಿ. ಥಿನ್ನರ್, ಟರ್ಪೆಂಟೈನ್ ರಬ್ಬರನ್ನು ಹಾಳುಮಾಡುತ್ತವೆ. ನೆರಳಲ್ಲಿ ಒಣಗಿಸಿ. ವಾಲ್ವ್ ಎಲೆಯನ್ನು ಬೆಳಕಿಗೆ ಹಿಡಿದು ಸುರುಟಿದೆಯೇ, ಸೀಳಿದೆಯೇ ನೋಡಿ. ಸುರುಟಿದ್ದರೆ ಹೊಸದು ಹಾಕಿ, ಬಿಡಿಯಾಗಿ ಸಿಗುತ್ತದೆ.

ರಾಳವಾಸನೆ:
ಎಂಡಿಎಫ್ ವಾಸನೆ ಕುರಿತು. ಹಲಗೆಯ ಅಂಟು ಸಾಮಾನ್ಯವಾಗಿ ಯೂರಿಯಾ-ಫಾರ್ಮಾಲ್ಡಿಹೈಡ್. ಫಾರ್ಮಾಲ್ಡಿಹೈಡ್ ಅನಿಲ, ಪಿ100 ಆಗಲಿ ಎಫ್‌ಎಫ್‌ಪಿ3 ಆಗಲಿ ಅದನ್ನು ತಡೆಯುವುದಿಲ್ಲ. ಕಂದು ಪಟ್ಟಿಯ 'ಎ' ಕಾರ್ಟ್ರಿಜ್ (ಮಾಸ್ಕ್‌ಗೆ ಸಿಕ್ಕಿಸುವ, ಆವಿ ಹೀರುವ ಇದ್ದಿಲಿನ ಫಿಲ್ಟರ್) ಹಾಕಿದರೂ ಆಗದು. ಅದು ಥಿನ್ನರ್, ಟರ್ಪೆಂಟೈನಿನಂತಹ ಹೆಚ್ಚು ಕುದಿಬಿಂದುವಿನ ಆವಿಗೆ. ಫಾರ್ಮಾಲ್ಡಿಹೈಡ್ ಎಂದೇ ಬರೆದ ಕಾರ್ಟ್ರಿಜ್ ಬೇಕು, 3ಎಂ 6005ರಂತಹದ್ದು.

ಆದರೆ ಆದ್ಯತೆ ತಪ್ಪಬೇಡಿ. ಎಂಡಿಎಫ್ ಕೊಯ್ಯುವಾಗ ದೊಡ್ಡ ಹೊರೆ ಧೂಳಿನದ್ದೇ. ನಾರನ್ನು ಮೊದಲೇ ಅರೆದು ಒತ್ತಿದ ಹಲಗೆಯಾದ್ದರಿಂದ ಅದರ ಪುಡಿ ಹಿಟ್ಟಿನಷ್ಟು ನುಣುಪು, ಅಂಟೂ ಅದರ ಜೊತೆಗೇ ಇರುತ್ತದೆ. ಎಂ ದರ್ಜೆಯ ಎಳೆತ, ಒಳ್ಳೆಯ ಕಣ ಫಿಲ್ಟರ್, ತೆರೆದ ಕಿಟಕಿ, ಹರಿತವಾದ ಬ್ಲೇಡ್. ಮೊಂಡು ಬ್ಲೇಡ್ ಕೊಯ್ಯುವುದಿಲ್ಲ, ಸುಡುತ್ತದೆ, ವಾಸನೆ ದುಪ್ಪಟ್ಟಾಗುತ್ತದೆ. 2097ರಂತಹ ಇದ್ದಿಲ ಪದರವಿರುವ ಬಿಲ್ಲೆ ಕಿರಿಕಿರಿಯ ವಾಸನೆಯನ್ನು ತಗ್ಗಿಸುತ್ತದೆ ಅಷ್ಟೇ, ಅದನ್ನು ಆವಿಯ ರಕ್ಷಣೆ ಎಂದು ನಂಬಬೇಡಿ.

ಪಾಲಿಶ್ ಹೊಡೆಯುವ ದಿನಕ್ಕೆ ಬೇರೆ ಲೆಕ್ಕ. ಲ್ಯಾಕರ್ ಸ್ಪ್ರೇ ಮಾಡುವಾಗ ಆವಿಯ ಕಾರ್ಟ್ರಿಜ್, ಅದರ ಮುಂದೆ ತುಂತುರು ಹಿಡಿಯುವ ಪ್ರಿಫಿಲ್ಟರ್. ಇದ್ದಿಲು ಡಬ್ಬಿಯಲ್ಲಿ ತೆರೆದಿಟ್ಟರೂ ಗಾಳಿಯಿಂದ ಆವಿ ಹೀರುತ್ತಲೇ ಇರುತ್ತದೆ, ಕೆಲಸ ಮುಗಿದೊಡನೆ ಜಿಪ್ ಚೀಲಕ್ಕೆ ಹಾಕಿ. ಎರಡು ಭಾಗ ಬೆರೆಸುವ ಪಾಲಿಯುರೆಥೇನ್‌ನಲ್ಲಿ ಐಸೊಸಯನೇಟ್ ಎಂಬ, ಉಬ್ಬಸ ತರಬಲ್ಲ ರಾಸಾಯನಿಕ ಇರುತ್ತದೆ. ಕಾರ್ಟ್ರಿಜ್ ತೀರಿದ್ದು ವಾಸನೆಯಿಂದ ಗೊತ್ತಾಗುವುದಿಲ್ಲ. ಅದನ್ನು ಮನೆಯಲ್ಲಿ ಸ್ಪ್ರೇ ಮಾಡಲೇಬೇಡಿ.

ಲೇತುಗೂಟ:
ಲೇತ್ ಇದೆ ಅಂದಿರಿ, ಹಾಗಾದರೆ ಪವರ್ಡ್ ಹೆಲ್ಮೆಟ್ ಬಗ್ಗೆ ಯೋಚಿಸಲೇಬೇಕು. ಲೇತ್‌ಗೆ ಮುಖ ಪೂರ್ತಿ ಮುಚ್ಚುವ ಶೀಲ್ಡ್ ಬೇಕು. ಹಾಫ್ ಮಾಸ್ಕ್‌ನ ದಪ್ಪ ಬಿಲ್ಲೆಗಳು ಶೀಲ್ಡನ್ನು ಮುಂದಕ್ಕೆ ತಳ್ಳುತ್ತವೆ, ಕೆಳಗೆ ಬಗ್ಗಿದರೆ ಎದೆಗೆ ತಾಗಿ ಮಾಸ್ಕ್ ಅಲುಗುತ್ತದೆ. ಜಿವಿಎಸ್ ಎಲಿಪ್ಸ್ ತರಹದ, ಕೆನ್ನೆಗೆ ಹತ್ತಿರ ಕೂರುವ ಮಾಸ್ಕ್ ಶೀಲ್ಡಿನ ಒಳಗೆ ಹೊಂದುತ್ತದೆ.

ಪವರ್ಡ್ ಆದರೆ ಫ್ಯಾನ್ ಗಾಳಿಯನ್ನು ಸೋಸಿ ಹಣೆಯ ಮೇಲಿಂದ ಮುಖದ ಮುಂದೆ ಇಳಿಸುತ್ತದೆ. ಒಳಗೆ ಒತ್ತಡ ತುಸು ಹೆಚ್ಚಿರುವುದರಿಂದ ಸೋರಿಕೆ ಹೊರಮುಖ. ಗಡ್ಡಕ್ಕೂ ಕನ್ನಡಕಕ್ಕೂ ಇದು ಹೊಂದುವುದು ಇದರಿಂದಲೇ. ಬ್ರಿಟನ್ನಿನ ಲೆಕ್ಕದಲ್ಲಿ ಇಂಥ ಹೆಲ್ಮೆಟ್‌ಗಳ ದರ್ಜೆಗಳಾದ ಟಿಎಚ್1, ಟಿಎಚ್2, ಟಿಎಚ್3ರ ರಕ್ಷಣಾ ಗುಣಾಂಕ 10, 20, 40. ವೈಸರ್ (ಮುಖದ ಮುಂದಿನ ಪಾರದರ್ಶಕ ಶೀಲ್ಡ್) ಮೇಲೆ ಇಎನ್ 166 'ಬಿ' ಗುರುತು ನೋಡಿ, ಸೆಕೆಂಡಿಗೆ 120 ಮೀಟರ್ ವೇಗದ ಉಕ್ಕಿನ ಗುಂಡು ತಾಳಿದೆ ಎಂದರ್ಥ. ಹಾಗಂತ ಬಿರುಕುಬಿಟ್ಟ ದೊಡ್ಡ ಬಟ್ಟಲು ಸಿಡಿದು ಬಂದರೆ ಯಾವ ವೈಸರೂ ಭರವಸೆಯಲ್ಲ.

ತೊಂದರೆಗಳೂ ಇವೆ. ತಲೆಯ ಮೇಲೆ ಭಾರ, ಬ್ಯಾಟರಿ ಚಾರ್ಜ್ ಇಲ್ಲದ ದಿನ ಕೆಲಸವಿಲ್ಲ, ಫ್ಯಾನ್ ಸದ್ದು. ಫಿಲ್ಟರ್ ಕಟ್ಟಿಕೊಂಡಂತೆ ಗಾಳಿ ಇಳಿಮುಖವಾಗುತ್ತದೆ, ಆಗ ಜೋರಾಗಿ ಉಸಿರೆಳೆದರೆ ಕೆಳಗಿನ ಮುಸುಕಿನಿಂದ ಹೊರಗಾಳಿ ಒಳಬರುತ್ತದೆ. ಗಾಳಿ ಅಳೆಯುವ ತೇಲುಬಿಲ್ಲೆ ಕೊಟ್ಟಿರುತ್ತಾರೆ, ಪ್ರತಿ ಸಲ ಶುರುವಿಗೆ ಮುಂಚೆ ಅದನ್ನು ನೋಡಿ. ಗಲ್ಲದ ಮುಸುಕು ಸಡಿಲವಾಗಿ ಬಿಟ್ಟುಕೊಂಡು ಕೆಲಸ ಮಾಡುವವರಿಗೆ ಆ ಹೆಲ್ಮೆಟ್ ತಂಪುಗಾಳಿ ಕೊಡುತ್ತದೆಯೇ ಹೊರತು ಬೇರೇನೂ ಅಲ್ಲ.

ಉಬ್ಬಸ ಅಥವಾ ಹೃದಯದ ತೊಂದರೆ ಇದ್ದವರು ಯಾವುದನ್ನು ಕೊಳ್ಳುವ ಮೊದಲೂ ವೈದ್ಯರನ್ನು ಕೇಳಿ. ಬಿಗಿ ಮಾಸ್ಕ್‌ನಲ್ಲಿ ಉಸಿರೆಳೆಯುವುದೇ ಒಂದು ಶ್ರಮ.

ಒಣಗಿದಮರ:
ಕಿವಿಯ ಮಾತು ಯಾರೂ ಎತ್ತಲಿಲ್ಲ. ಹಾಫ್ ಮಾಸ್ಕ್ ಪಟ್ಟಿಯ ಮೇಲೆ ಇಯರ್ ಮಫ್ ಹಾಕಿದರೆ ಮೆತ್ತೆಯ ಕೆಳಗೆ ಸಂದಾಗಿ ಸದ್ದು ನುಗ್ಗುತ್ತದೆ, ಮಫ್ ಸರಿಪಡಿಸಲು ಹೋದರೆ ಮಾಸ್ಕ್ ಅಲುಗುತ್ತದೆ. ಕಿವಿಯೊಳಗಿನ ಪ್ಲಗ್ ಹಾಕಿ, ಎರಡೂ ಸಲೀಸು.

ಹಲಗೆಗೂಡು:
ಪಿಎಂ2.5 (2.5 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಕಣ) ತೋರಿಸುವ ಪುಟ್ಟ ಮೀಟರ್ ಇಟ್ಟುಕೊಂಡರೆ, ಅದು ಕೆಳಗಿಳಿದಾಗ ಮಾಸ್ಕ್ ತೆಗೆಯಬಹುದೇ?

ಗಾಳಿಲೆಕ್ಕ:
ಏರಿಳಿತ ನೋಡಲು ಒಳ್ಳೆಯದು, ಸುರಕ್ಷತೆಯ ಪ್ರಮಾಣಪತ್ರವಾಗಿ ಅಲ್ಲ. ಆ ಮೀಟರು ಬೆಳಕು ಚದುರುವುದನ್ನು ನೋಡಿ ಅಂದಾಜು ಹೇಳುತ್ತದೆ, ಕೆಲವು ಮೈಕ್ರಾನ್‌ಗಿಂತ ದಪ್ಪದ್ದು ಅದರ ಕಣ್ಣಿಗೆ ಸರಿಯಾಗಿ ಬೀಳುವುದೇ ಇಲ್ಲ. ಮರದ ಧೂಳಿನ ಮಿತಿಗಳಿರುವುದು ಮೂಗಿಗೆ ಹೋಗಬಲ್ಲ ಎಲ್ಲ ಧೂಳಿನ ತೂಕದ ಮೇಲೆ. ಯುರೋಪಿನಲ್ಲಿ ಗಟ್ಟಿಮರಕ್ಕೆ 2023ರಿಂದ ಘನ ಮೀಟರಿಗೆ 2 ಮಿಲಿಗ್ರಾಂ. ಬ್ರಿಟನ್ನಿನಲ್ಲಿ ಗಟ್ಟಿಮರಕ್ಕೆ 3, ಮೆದುಮರಕ್ಕೆ 5. ನಿಯೋಶ್ ಶಿಫಾರಸು 1. ಎಲ್ಲವೂ ಕೆಲಸದ ದಿನದ ಸರಾಸರಿ. ಮೀಟರಿನ ಅಂಕಿಯನ್ನು ಇವುಗಳ ಪಕ್ಕ ಇಟ್ಟು ಹೋಲಿಸುವಂತಿಲ್ಲ.

ಗಾಳಿ ಬದಲಾವಣೆಯ ಲೆಕ್ಕವನ್ನೇ ಹಿಡಿಯಿರಿ. ನಿಮ್ಮ ಕೋಣೆ 36 ಘನ ಮೀಟರ್. ಗಂಟೆಗೆ 360 ಘನ ಮೀಟರ್ ಸೋಸುವ ಏರ್ ಕ್ಲೀನರ್ ಇದ್ದರೆ ಗಂಟೆಗೆ ಹತ್ತು ಬದಲಾವಣೆ. ಒಂದು ಬದಲಾವಣೆಗೆ ಧೂಳು ಶೇ. 63 ತಗ್ಗುತ್ತದೆ, ಮೂರಕ್ಕೆ ಶೇ. 95. ಅಂದರೆ ಕೊನೆಯ ಯಂತ್ರ ನಿಂತ ಮೇಲೆ 18 ನಿಮಿಷ. ಗಾಳಿ ಎಲ್ಲ ಮೂಲೆಯಲ್ಲೂ ಸಮ ಬೆರೆಯುವುದಿಲ್ಲ, ಅರ್ಧ ಗಂಟೆ ಹಿಡಿದರೆ ಕ್ಷೇಮ. ಬಾಕ್ಸ್ ಫ್ಯಾನ್‌ಗೆ ಮೆರ್ವ್ 13 ದರ್ಜೆಯ ಗಾಳಿ ಸೋಸುವ ಫಿಲ್ಟರ್ ನಾಲ್ಕು ಕಟ್ಟಿ ಮಾಡಿದ ಪೆಟ್ಟಿಗೆಯೂ ಈ ಕೆಲಸ ಮಾಡುತ್ತದೆ. ಇಡುವ ಜಾಗ ನೋಡಿಕೊಳ್ಳಿ. ಧೂಳಿನಿಂದ ಫ್ಯಾನಿಗೆ ಹೋಗುವ ಗಾಳಿಯ ದಾರಿಯಲ್ಲಿ ನಿಮ್ಮ ಮುಖ ಇರಬಾರದು.

ರಾಳವಾಸನೆ:
ಮರದ ಜಾತಿಯೂ ಮುಖ್ಯ. ತೇಗದಲ್ಲಿ ಲ್ಯಾಪಕಾಲ್ ಗುಂಪಿನ ರಾಸಾಯನಿಕ, ಬೀಟೆಯಲ್ಲಿ ಡಾಲ್ಬರ್ಜಿಯೋನ್. ಎರಡೂ ಚರ್ಮಕ್ಕೆ ಅಲರ್ಜಿ ತರಬಲ್ಲವು, ಹಾಗಾಗಿ ಮಾಸ್ಕ್‌ನ ಅಂಚಿನಲ್ಲಿ ಬೆವರಿನ ಜೊತೆ ಕೂತ ಬೀಟೆ ಧೂಳು ಕೆನ್ನೆಯಲ್ಲಿ ತುರಿಕೆ ಎಬ್ಬಿಸಬಹುದು. ರಬ್ಬರಿನ ದೋಷ ಅಂದುಕೊಂಡು ಮಾಸ್ಕ್ ಬಿಡಬೇಡಿ, ಮೊದಲು ಅಂಚು ತೊಳೆಯಿರಿ. ವೆಸ್ಟರ್ನ್ ರೆಡ್ ಸೀಡರ್‌ನ ಪ್ಲಿಕಾಟಿಕ್ ಆಮ್ಲ ಉಬ್ಬಸಕ್ಕೇ ಹೆಸರಾದದ್ದು. ಅದು ಕೆಲಸದ ಹೊತ್ತಿನಲ್ಲಲ್ಲ, ಎಷ್ಟೋ ಗಂಟೆ ಬಿಟ್ಟು ರಾತ್ರಿ ಕೆಮ್ಮಾಗಿ ಬರುವುದುಂಟು. ಕೆಲಸವಿಲ್ಲದ ದಿನ ಕಡಿಮೆಯಾಗಿ ಮತ್ತೆ ಶುರುವಾಗುವ ಕೆಮ್ಮಿಗೆ ವೈದ್ಯರ ಹತ್ತಿರ ಹೋದಾಗ ಯಾವ ಮರ ಎಂದು ಹೇಳಿ. ದೇಹ ಒಮ್ಮೆ ಅಲರ್ಜಿ ಕಲಿತರೆ ಚಿಟಿಕೆ ಧೂಳಿಗೂ ಕೆರಳುತ್ತದೆ, ಆಗ ಮರವನ್ನೇ ಬಿಡಬೇಕಾದೀತು.

ಹಳೆಯ ಬಣ್ಣ ಬಳಿದ ಬಾಗಿಲು, ಕಿಟಕಿ ಉಜ್ಜುವುದಿದ್ದರೆ ಸೀಸ ಇದ್ದೀತು. ಅಲ್ಲಿ ಎನ್95 ಬೇಡ, ಪಿ100 ಅಥವಾ ಯುರೋಪಿನ ಪಿ3 ದರ್ಜೆಯ ಫಿಲ್ಟರ್, ಅದೂ ಒದ್ದೆ ಮಾಡಿ ಉಜ್ಜಬೇಕು. ಆರ್ಸೆನಿಕ್ ಹಾಕಿ ಸಂಸ್ಕರಿಸಿದ ಹಸಿರು ಛಾಯೆಯ ಮರವನ್ನು ಉಜ್ಜಲೇಬೇಡಿ.

ಬಿಸಾಡುಮಾಸ್ಕ್:
ನಕಲಿ ಮಾಲಿನ ಬಗ್ಗೆ. ನಿಯೋಶ್ ಒಪ್ಪಿಗೆಯ ಎನ್95 ಮಾಸ್ಕ್ ಮೇಲೆ ಟಿಸಿ-84ಎ ಎಂದು ಶುರುವಾಗುವ ಸಂಖ್ಯೆ ಅಚ್ಚಾಗಿರುತ್ತದೆ, ಸಂಸ್ಥೆಯ ಹೆಸರಿನ ಕಾಗುಣಿತ ಸರಿ ಇರುತ್ತದೆ, ಕಿವಿ ಕುಣಿಕೆ ಇರುವುದಿಲ್ಲ. ಯುರೋಪಿನದ್ದಾದರೆ ಸಿಇ ಗುರುತಿನ ಪಕ್ಕ ನಾಲ್ಕಂಕಿ ಇರಬೇಕು. ಏನೂ ಬರೆಯದೆ ಬರೀ 'ಎನ್95' ಅಂತ ಒತ್ತಿದ ಮಾಸ್ಕ್ ಸಂತೆಯ ಸರಕು.

ಹಲಗೆಗೂಡು:
ಹಾಗಾದರೆ ಹೀಗೆ ಮಾಡುತ್ತೇನೆ: ಮಧ್ಯಮ ಅಳತೆಯ ಸಿಲಿಕೋನ್ ಹಾಫ್ ಮಾಸ್ಕ್, ಕವಚವಿರುವ ಪಿ100 ಎರಡು ಜೋಡಿ, ಸಣ್ಣ ಕೆಲಸಕ್ಕೆ ವಾಲ್ವ್ ಇರುವ ಎಫ್‌ಎಫ್‌ಪಿ2, ಸ್ಯಾಂಡರಿಗೆ ಎಂ ದರ್ಜೆಯ ವ್ಯಾಕ್ಯೂಮ್. ಗಡ್ಡ ತೆಗೆಯುವುದೇ. ಗುಡಿಸುವುದು ಹೇಗೆ, ಮಾಸ್ಕ್ ಎಲ್ಲಿಡುವುದು?

ಲೇತುಗೂಟ:
ಮಧ್ಯಮ ಅಂತ ಮೊದಲೇ ಬರೆಯಬೇಡಿ, ಎರಡು ಅಳತೆ ಹಾಕಿ ನೋಡಿ ಆಮೇಲೆ ಕೊಳ್ಳಿ. ಲೇತ್ ಕೆಲಸ ಹೆಚ್ಚಾದರೆ ಶೀಲ್ಡಿನ ಮಾತು ಮತ್ತೆ ಬರುತ್ತದೆ, ಕೊಳ್ಳುವ ಮುಂಚೆಯೇ ಶೀಲ್ಡ್ ಜೊತೆ ಹಾಕಿ ಬಗ್ಗಿ ನೋಡಿ.

ಮುಖಗವಸು:
ಪೊರಕೆ ಬೇಡ. ಒಣ ಗುಡಿಸುವಿಕೆ ಬೆಳಿಗ್ಗೆಯ ಧೂಳನ್ನು ಸಂಜೆ ಮತ್ತೆ ಮೂಗಿಗೆ ಎತ್ತಿಕೊಡುತ್ತದೆ. ವ್ಯಾಕ್ಯೂಮ್ ಮಾಡಿ, ಮೇಜಿನ ಮೇಲೆ ಒದ್ದೆ ಬಟ್ಟೆ ಎಳೆಯಿರಿ, ಅಷ್ಟು ಹೊತ್ತೂ ಮಾಸ್ಕ್ ಮುಖದ ಮೇಲೇ ಇರಲಿ. ಆಮೇಲೆ ಹೊರಗೆ ಹೋಗಿ ಅಂಗಿ ಒದರಿ, ಕೊನೆಗೆ ಮಾಸ್ಕ್ ತೆಗೆಯಿರಿ. ಮೊದಲು ಮಾಸ್ಕ್ ತೆಗೆದು ಆಮೇಲೆ ಅಂಗಿ ಒದರಿದರೆ ಅಷ್ಟೂ ಹೊತ್ತಿನ ಶ್ರಮ ವ್ಯರ್ಥ.

ಕೋಣೆಯ ಮೊಳೆಗೆ ತೂಗುಹಾಕಬೇಡಿ, ಒಳಮೈಯಲ್ಲೇ ಧೂಳು ಕೂರುತ್ತದೆ, ಮರುದಿನ ಅದನ್ನೇ ಮುಖಕ್ಕೆ ಒತ್ತಿಕೊಳ್ಳುತ್ತೀರಿ. ಮುಚ್ಚಳವಿರುವ ಡಬ್ಬಿ ಕೋಣೆಯ ಹೊರಗಿರಲಿ. ಡಬ್ಬಿ ಮಾಸ್ಕ್‌ಗಿಂತ ದೊಡ್ಡದಿರಬೇಕು. ತುರುಕಿಟ್ಟರೆ ರಬ್ಬರ್ ಅಂಚು ಆ ಮಡಿಕೆಗೇ ಒಗ್ಗಿಕೊಂಡು ಅಲ್ಲೇ ಸೋರತೊಡಗುತ್ತದೆ. ಫಿಲ್ಟರ್ ಕೊಳ್ಳುವಾಗಲೇ ಉಸಿರು ಬಿಡುವ ವಾಲ್ವಿನ ಎಲೆ ಎರಡು ತರಿಸಿಕೊಂಡು ಅದೇ ಡಬ್ಬಿಯಲ್ಲಿಡಿ.